ಸ್ಟ್ರೀಕ್ ಅನ್ನೋದು ಹಾಜರಿ ಪುಸ್ತಕ, ಮಾರ್ಕ್ಸ್ ಕಾರ್ಡ್ ಅಲ್ಲ

ದಿನಕ್ಕೊಂದು ಅಂಕಿಗಳ ಒಗಟು ಬಿಡಿಸುವ ಚಟ ಪುಣೆಯಲ್ಲಿ ನನ್ನ ಪರಿಚಯದವರಲ್ಲಿ ಬಹಳ ಜನಕ್ಕಿದೆ. ಕೆಲವರದು ಪೇಪರಿನ ಸುಡೋಕು, ಕೆಲವರದು ಮೊಬೈಲಿನ ನರ್ಡಲ್. ಆಡಲಿ, ಒಳ್ಳೆಯದೇ. ನನ್ನ ತಕರಾರು ಆಟದ ಬಗ್ಗೆ ಅಲ್ಲ, ಅಂಕ ಕೊಡುವ ಪದ್ಧತಿಯ ಬಗ್ಗೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ಲೆಡ್ಜರ್ ನೋಡಿದವನಿಗೆ, ಒಂದು ಅಂಕಿ ಕಂಡ ಕೂಡಲೇ ‘ಇದು ಏನನ್ನು ಅಳೆಯುತ್ತಿದೆ?’ ಅಂತ ಕೇಳುವ ದುರಭ್ಯಾಸ ಇರತ್ತೆ ನೋಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ನರ್ಡಲ್ 2022ರ ಜನವರಿಯಲ್ಲಿ ಬ್ರಿಟನ್ನಿನ ರಿಚರ್ಡ್ ಮನ್ ಶುರು ಮಾಡಿದ ಆಟ. ಎಂಟು ಮನೆ, ಅದರಲ್ಲಿ ಅಡಗಿರುವ ಒಂದು ಲೆಕ್ಕ, ಕಂಡುಹಿಡಿಯಲು ಆರು ಅವಕಾಶ. ಅಂಕಿ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯಲ್ಲಿರಬೇಕಾದದ್ದಾದರೆ ನೇರಳೆ, ಇಲ್ಲವೇ ಇಲ್ಲ ಅಂದ್ರೆ ಕಪ್ಪು. ಎಷ್ಟನೇ ಪ್ರಯತ್ನಕ್ಕೆ ಸಿಕ್ಕಿತೋ ಅದೇ ಆ ದಿನದ ಸ್ಕೋರ್. ಕಡಿಮೆ ಇದ್ದಷ್ಟೂ ಒಳ್ಳೇದು.

ಈಗ ಒಂದು ಲೆಕ್ಕ ನೋಡಿ. ಮೂರು ಪ್ರಯತ್ನ ಮುಗಿದಿದೆ. 48-3, ಆಮೇಲೆ ಒಂದು ಖಾಲಿ ಮನೆ, =1, ಮತ್ತೊಂದು ಖಾಲಿ ಮನೆ. ಇಷ್ಟೂ ಹಸಿರು. ಉಳಿದ ಎರಡು ಮನೆಗೆ 2 ಮತ್ತು 6 ಬರಬೇಕು ಅಂತಲೂ ಗೊತ್ತಾಗಿದೆ. 48-32=16 ಸರಿ, 48-36=12 ಕೂಡ ಸರಿ! ಯಾವುದು ಅಂತ ಹೇಳಲು ಯಾವ ಬುದ್ಧಿವಂತನಿಗೂ ದಾರಿ ಇಲ್ಲ. ನೀವು ಮೊದಲನೆಯದು ಹಾಕಿದಿರಿ, ನಾಲ್ಕಕ್ಕೆ ಸಿಕ್ಕಿತು. ನಾನು ಎರಡನೆಯದು ಹಾಕಿದೆ, ನನಗೆ ಐದು. ನಮ್ಮಿಬ್ಬರ ತಲೆಯಲ್ಲಿ ವ್ಯತ್ಯಾಸ ಇಲ್ಲ, ನಾಣ್ಯ ಚಿಮ್ಮಿದ್ದರಲ್ಲಿ ಮಾತ್ರ ಇದೆ. ಒಂದು ದಿನದ ಸ್ಕೋರ್ ನೋಡಿ ಬೀಗುವುದೂ ಬೇಡ, ಬೇಸರವೂ ಬೇಡ.

ಇದಕ್ಕಿಂತ ದೊಡ್ಡ ಪೀಡೆ ಸ್ಟ್ರೀಕ್. ಒಂದು ದಿನವೂ ತಪ್ಪದೆ ಗೆದ್ದ ದಿನಗಳ ಲೆಕ್ಕ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಸೋತರೂ ಅದು ಸೊನ್ನೆ, ಒಂದು ದಿನ ಆಡದಿದ್ದರೂ ಸೊನ್ನೆ. ಅಲ್ಲ ಸ್ವಾಮಿ, ಸಾಲದ ಕಂತು ಕಟ್ಟದವನೂ ಸಾಲವನ್ನೇ ತಗೊಳ್ಳದವನೂ ಒಂದೇ ಅಂತ ಬರೆದರೆ ಆಡಿಟರ್ ಸುಮ್ಮನೆ ಬಿಡ್ತಾನಾ?

ನಮ್ಮ ಸೊಸೈಟಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಇಂಥದೇ ಒಂದು ಆಟದಲ್ಲಿ ಅವರ ಸ್ಟ್ರೀಕ್ ಇನ್ನೂರು ದಾಟಿತ್ತು. ಕಣ್ಣಿನ ಪೊರೆ ಆಪರೇಷನ್ ಆಗಿ ಮೂರು ದಿನ ಮೊಬೈಲ್ ಮುಟ್ಟಲಿಲ್ಲ. ನಾಲ್ಕನೇ ದಿನ ತೆಗೆದರೆ ಸೊನ್ನೆ. “ಇನ್ನೇನ್ ಆಡೂದ್ರಿ, ಎಲ್ಲಾ ಹೋತಲ್ಲ” ಅಂದವರು ಆಟವನ್ನೇ ಬಿಟ್ಟರು. ಹೋಗಿದ್ದಾದರೂ ಏನು? ಇನ್ನೂರು ದಿನ ತಲೆ ಓಡಿಸಿದ್ದನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಆದರೆ ಎಪ್ಪತ್ತು ದಾಟಿದವರಿಗೆ ಬೆಳಗಿನ ಹತ್ತು ನಿಮಿಷದ ಒಂದು ಸಂತೋಷ ಮಾತ್ರ ನಿಂತುಹೋಯಿತು.

ಇನ್ನು ಕೆಲವರು ಹೆಂಡತಿಯ ಮೊಬೈಲಿನಲ್ಲಿ ಮೊದಲು ಆಡಿ, ಉತ್ತರ ತಿಳಿದು, ಆಮೇಲೆ ತಮ್ಮದರಲ್ಲಿ ಒತ್ತುತ್ತಾರೆ. ಮಾರ್ಚ್ 31ಕ್ಕೆ ಬ್ಯಾಲೆನ್ಸ್ ಶೀಟಿಗೆ ಪೌಡರ್ ಹಚ್ಚಿದ ಹಾಗೆ :) ಅಳತೆಗೋಲು ತಪ್ಪಿದ್ದರೆ ಜನ ಕೆಲಸ ಬಿಟ್ಟು ಅಳತೆಗೋಲನ್ನೇ ಸಾಕುತ್ತಾರೆ.

ಸುಡೋಕು ನೋಡಿ. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದ ವೇನ್ ಗೌಲ್ಡ್ ಅವರಿಂದಾಗಿ 2004ರ ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಂತು, ಆಮೇಲೆ ನಮ್ಮ ಪೇಪರುಗಳಿಗೂ. ಸರಿಯಾಗಿ ಮಾಡಿದ ಸುಡೋಕುವಿಗೆ ಒಂದೇ ಉತ್ತರ, ಅದೃಷ್ಟಕ್ಕೆ ಜಾಗ ಇಲ್ಲ. ಪೇಪರು ನಿಮ್ಮನ್ನು ‘ನಿನ್ನೆ ಎಲ್ಲಿದ್ದಿರಿ?’ ಅಂತ ಕೇಳಲ್ಲ. ಸ್ಪರ್ಧೆಯಲ್ಲಿ ಅಂಕ ಬೇಕೇ ಬೇಕು, ನಿಜ. 2017ರಲ್ಲಿ ವಿಶ್ವ ಸುಡೋಕು ಚಾಂಪಿಯನ್‌ಷಿಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಆ ಸ್ಪರ್ಧೆಗಳಲ್ಲಿ ಒಂದೊಂದು ಒಗಟಿಗೂ ಅದರ ಕಷ್ಟಕ್ಕೆ ತಕ್ಕಂತೆ ಅಂಕ. ಕಷ್ಟದ್ದಕ್ಕೆ ಹೆಚ್ಚು, ಸುಲಭದ್ದಕ್ಕೆ ಕಮ್ಮಿ. ಅಂಕಕ್ಕೆ ಒಂದು ಅರ್ಥ ಇದೆ.

ಹಾಗಾದರೆ ಮನೆಯಲ್ಲಿ ಆಡುವ ನಾವು ಏನು ಮಾಡೋಣ? ನನ್ನ ಸಲಹೆ, ತಿಂಗಳ ಸರಾಸರಿ ನೀವೇ ಬರೆದಿಡಿ. ಆಡಿದ ದಿನ ಮಾತ್ರ ಲೆಕ್ಕಕ್ಕೆ. ಸೋತ ದಿನಕ್ಕೆ 7 ಅಂತ ಹಾಕಿ, ಅದನ್ನು ಬಚ್ಚಿಡಬೇಡಿ. 25 ದಿನ ಆಡಿ, 24 ದಿನ ಸರಾಸರಿ 4ರಲ್ಲಿ ಗೆದ್ದು, ಒಂದು ದಿನ ಸೋತರೆ 96ಕ್ಕೆ 7 ಕೂಡಿ 103. ಭಾಗಿಸು 25, ಅಂದರೆ 4.12. ಸ್ಟ್ರೀಕ್ ಲೆಕ್ಕದಲ್ಲಿ ಆ ಒಂದು ಸೋಲು ಸರ್ವನಾಶ. ಈ ಲೆಕ್ಕದಲ್ಲಿ ಬರೀ 0.12. ನಾಣ್ಯ ಚಿಮ್ಮಿದ ಅದೃಷ್ಟವೂ ತಿಂಗಳ ಕೊನೆಗೆ ಹೆಚ್ಚುಕಮ್ಮಿ ಸಮ ಆಗಿಬಿಡತ್ತೆ.

ಆ ಹಿರಿಯರಿಗೂ ಇದನ್ನೇ ಹೇಳಿ ಒಂದು ಹಳೇ ಡೈರಿ ಕೊಟ್ಟು ಬಂದಿದ್ದೇನೆ. ಇನ್ನೂ ಮನಸ್ಸು ಮಾಡಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಲೆಕ್ಕ ಗೊತ್ತಿದ್ದರೆ ಹೇಳಿ, ಅವರಿಗೂ ತಲುಪಿಸುತ್ತೇನೆ.