ಕರೆ ಮುಗಿದ ಮೇಲೆ ನಕ್ಷತ್ರ ಯಾಕ್ರೀ?

ಶಿವಮೊಗ್ಗದ ಗಾಂಧಿಬಜಾರಿನ ವರ್ತಕರಿಗೆ ಹೊಸದೊಂದು ಉಪದ್ರವ ಗಂಟುಬಿದ್ದಿದೆ. ಇಂಟರ್‌ನೆಟ್ ಕರೆಯಲ್ಲಿ ಮಾತಾಡಿ ಫೋನು ಕೆಳಗಿಡುವಷ್ಟರಲ್ಲಿ ಪರದೆಯ ಮೇಲೆ ಐದು ನಕ್ಷತ್ರ ಪ್ರತ್ಯಕ್ಷ! ಕರೆ ಹೇಗಿತ್ತು? ದನಿ ಸರಿಯಾಗಿ ಕೇಳಿಸಿತೇ? ಚಿತ್ರ ನಿಂತುಹೋಯಿತೇ? ಎದುರಿಗೆ ಗಿರಾಕಿ ಕಾಯ್ತಾ ನಿಂತಿರ್ತಾನೆ, ಬಸ್ಸಿನಲ್ಲಿದ್ದರೆ ಕಂಡಕ್ಟರು ಚಿಲ್ಲರೆ ಕೇಳ್ತಿರ್ತಾನೆ. ಕಂಪನಿಯ ಪುಣ್ಯಾತ್ಮರಿಗೆ ಮಾತ್ರ ಆ ಕ್ಷಣಕ್ಕೇ ಅಂಕಪಟ್ಟಿ ಬೇಕು.

ಎಸ್‌ಟಿಡಿ ಬೂತುಗಳ ಕಾಲ ನೆನಪಿದ್ದವರು ಯೋಚಿಸಿ ನೋಡಲಿ. ಯಂತ್ರದಿಂದ ಬಿಲ್ಲು ಹರಿದುಬರುತ್ತಿತ್ತು; ನಂಬರು, ಹೊತ್ತು, ದುಡ್ಡು ಎಲ್ಲ ಅದರಲ್ಲಿ. ಆ ಚೀಟಿ ಹೋಗುತ್ತಿದ್ದುದು ಮಾತಾಡಿದವನ ಜೇಬಿಗೆ. ಬೀಗರ ಜತೆ ಮಾತು ಹೇಗಾಯ್ತು ಅಂತ ಬೂತಿನವನು ಕೇಳಿದ್ದರೆ ಜನ ಮಾರನೇ ದಿನ ಪಕ್ಕದ ಬೂತಿಗೆ ಹೋಗುತ್ತಿದ್ದರು.

ಈ ಚಾಳಿ ನಿನ್ನೆ ಮೊನ್ನೆಯದಲ್ಲ. 2003ರಲ್ಲಿ ಶುರುವಾದ ಸ್ಕೈಪ್ ಕೂಡ ಕರೆ ಮುಗಿದ ಮೇಲೆ ಹೀಗೇ ಅಂಕ ಕೇಳುತ್ತಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತು, 2025ರ ಮೇ 5ರಂದು ಬಾಗಿಲು ಹಾಕಿತು. ನಡುವೆ 2019ರಲ್ಲಿ ಬಯಲಾದ ಸಂಗತಿ ಮರೆಯುವಂಥದ್ದಲ್ಲ: ಸ್ಕೈಪಿನ ಭಾಷಾಂತರ ಸೌಲಭ್ಯ ಬಳಸಿದವರ ಮಾತಿನ ತುಣುಕುಗಳನ್ನು ಗುತ್ತಿಗೆ ನೌಕರರು ಕೂತು ಆಲಿಸುತ್ತಿದ್ದರು. ಅದಕ್ಕೂ ಕೊಟ್ಟ ಸಬೂಬು ಸೇವೆಯ ಸುಧಾರಣೆಯದೇ.

ವಾಟ್ಸಾಪಿನಲ್ಲಿ ಮಾತಿಗೆ 2016ರಿಂದ ಬೀಗವಿದೆ, ನಡುವೆ ಯಾರೂ ಕೇಳಿಸಿಕೊಳ್ಳಲಾರರು ಎನ್ನುತ್ತಾರೆ. ಸರಿ, ಕಾಗದ ಲಕೋಟೆಯೊಳಗಿದೆ. ಲಕೋಟೆಯ ಮೇಲಿನ ಬರಹದ ಗತಿ? ಎಷ್ಟು ಸಲ, ಎಷ್ಟು ಹೊತ್ತು ಬಳಕೆಯಾಯಿತು, ಫೋನು ಯಾವ ಮಾದರಿ, ಬ್ಯಾಟರಿ ಎಷ್ಟಿತ್ತು, ಸಿಗ್ನಲ್ ಹೇಗಿತ್ತು, ಯಾವ ಕಂಪನಿಯ ಸಿಮ್ಮು — ಇಷ್ಟನ್ನೂ ಸಂಗ್ರಹಿಸುವುದಾಗಿ ಅದರ ನೀತಿಪತ್ರದಲ್ಲೇ ಬರೆದಿದೆ. ಓದಿದವರು ಯಾರು ಅನ್ನೋದು ಬೇರೆ ಮಾತು! ಮಂಡಿ ವರ್ತಕರೊಬ್ಬರು ಒಂದೇ ನಂಬರಿಗೆ ಬೆಳಗಿನಿಂದ ಆರು ಸಲ ಕರೆ ಮಾಡಿದರೆ, ಮಾತು ಕೇಳದಿದ್ದರೂ ಯಾವುದೋ ಸರಕು ಕುದುರುತ್ತಿದೆ ಎಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ವ್ಯಾಪಾರದಲ್ಲಿ ಅದೇ ಗುಟ್ಟು. ಇಂಥ ಕಡತಕ್ಕೆ ಗ್ರಾಹಕನ ಕೈಯಿಂದಲೇ ಇನ್ನೊಂದು ಹಾಳೆ ಸೇರಿಸಿಕೊಳ್ಳುವುದು ಈ ನಕ್ಷತ್ರದ ಕೆಲಸ.

ಎಂಜಿನಿಯರುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ತಂತಿಯ ವೇಗವನ್ನು ಯಂತ್ರ ಅಳೆದೀತು, ಕಿವಿಗೆ ಕೇಳಿಸಿತೋ ಇಲ್ಲವೋ ಎಂಬುದು ಮನುಷ್ಯನಿಗೇ ಗೊತ್ತು. ಕೇಳಲಿ, ಬೇಡವೆಂದವರಾರು? ಆದರೆ ನಕ್ಷತ್ರದ ಜತೆ ಇನ್ನೇನೇನು ಹೋಗುತ್ತದೆ ಅಂತ ಅಲ್ಲೇ ಕನ್ನಡದಲ್ಲಿ ಹೇಳಲಿ. "ಇನ್ನು ಕೇಳಬೇಡಿ" ಎಂಬ ಗುಂಡಿಯೊಂದನ್ನು ಕೊಡಲಿ. ಅಷ್ಟೂ ಮಾಡಲಾಗದ ಕಂಪನಿಗಳೇನೂ ಅಲ್ಲ ಇವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ನಾಡಿನವರೇ. ಆಮೇಲೆ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂತು. ಒಪ್ಪಿಗೆ ಮುಕ್ತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯುವಂತಿರಬೇಕು, ಕೋರಿಕೆಯನ್ನು ಕನ್ನಡದಲ್ಲಿಯೂ ಓದುವ ಅವಕಾಶ ಇರಬೇಕು ಎನ್ನುತ್ತದೆ ಅದು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳಿಗೆ ಮತ್ತೆ 18 ತಿಂಗಳ ವಾಯಿದೆ. ಕಂಪನಿಗಳ ಮೇಲೆ ಎಷ್ಟು ಕನಿಕರ ನೋಡಿ!

ಇದಕ್ಕಿಂತ ದೊಡ್ಡ ಅಪಾಯ ಬೇರೆಡೆ ಇದೆ. ಪರದೆ ಮೇಲೆ ಏನು ಬಂದರೂ ಒತ್ತುವ ಅಭ್ಯಾಸ ಒಮ್ಮೆ ಕೈಗೆ ಹತ್ತಿತೆಂದರೆ, ನಿಜವಾದ ಸಮೀಕ್ಷೆ ಯಾವುದು, ಕಳ್ಳರದು ಯಾವುದು ಎಂದು ತಿಳಿಯುವುದಿಲ್ಲ. "ನಮ್ಮ ಸೇವೆ ಹೇಗಿದೆ" ಎಂದೇ ಅವರೂ ಶುರು ಮಾಡುವುದು. ನಾಲ್ಕನೇ ಪ್ರಶ್ನೆಗೆ ಓಟಿಪಿ. ಕರೆಯ ಗುಣಮಟ್ಟಕ್ಕೂ ಓಟಿಪಿಗೂ ಸಂಬಂಧವೇ ಇಲ್ಲ. ಯಾರಾದರೂ ಹಾಗೆ ಹಣ ಕಳಕೊಂಡರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ದುಡ್ಡು ಕೈ ಬದಲಾಯಿಸುತ್ತಾ ಹೋಗುತ್ತದೆ.

ನಕ್ಷತ್ರ ಒತ್ತದಿದ್ದರೆ ಮುಂದಿನ ಕರೆ ಹೋಗುವುದಿಲ್ಲವೇನೋ ಎಂಬ ಅಂಜಿಕೆ ಕೆಲವರಿಗಿದೆ. ಹಾಗೇನೂ ಇಲ್ಲ ಸ್ವಾಮಿ. ಉತ್ತರ ಕೊಡದೆ ಹಿಂದಕ್ಕೆ ಬಂದರೂ ಕರೆ ಹೋಗೇ ಹೋಗುತ್ತೆ. ಅಂಕ ಕೊಡಲೇಬೇಕೆಂಬ ಧಾರಾಳಿಗಳು ಕೊಡಲಿ, ಆದರೆ ಕೆಳಗಿನ ಖಾಲಿ ಜಾಗದಲ್ಲಿ ಯಾರ ಹೆಸರು, ಯಾವ ಊರು, ಏನು ವಿಷಯ ಎಂದು ಬರೆಯುವುದು ಮಾತ್ರ ಬೇಡ.