ಕಡವಿನ ದಾರಿ

ಬೆಂಗಳೂರಿನ ಅಂಚಿನ ಬೇಗೂರಿನಲ್ಲಿ ಸಂಜೆಯಾದೊಡನೆ ಮನೆಮನೆಯಲ್ಲಿ ವಿದ್ಯುದ್ದೀಪ ಬೆಳಗುತ್ತದೆ. ಸುತ್ತಲಿನ ಕಾರ್ಖಾನೆಗಳ ಯಂತ್ರಗಳು ತಿರುಗುತ್ತವೆ. ನಾಡಿಗೆ ಇಂಥ ಬೆಳಕನ್ನು ಕೊಟ್ಟ ನದಿಗಳಲ್ಲಿ ಶರಾವತಿ ಪ್ರಮುಖವಾದುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆದರೆ ಸುಮಾರು 300 ಚದರ ಕಿಲೋಮೀಟರು ನೆಲ ಮುಳುಗಿತು. ಸಾಗರ ತಾಲ್ಲೂಕಿನ ತುಮರಿ ಮೊದಲಾದ ಊರುಗಳು ಹಿನ್ನೀರಿನಾಚೆ ದ್ವೀಪದಂತೆ ಉಳಿದುವು.

ಆ ಊರುಗಳಿಗೆ ದಶಕಗಳ ಕಾಲ ಲಾಂಚ್ ಒಂದೇ ಹತ್ತಿರದ ದಾರಿಯಾಗಿತ್ತು. ಬಸ್ಸು, ಅಡಿಕೆಯ ಮೂಟೆ, ಶಾಲೆಯ ಮಕ್ಕಳು, ಸಿಗಂದೂರಿನ ಭಕ್ತರು, ಎಲ್ಲರೂ ಅದನ್ನೇ ಕಾಯಬೇಕಾಗಿತ್ತು. ರಾತ್ರಿ ಲಾಂಚ್ ನಿಂತಿತೆಂದರೆ ರೋಗಿಗೆ ಆಸ್ಪತ್ರೆ ದೂರವಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2 ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆದಾಗ ಈ ಕಷ್ಟ ಕೊನೆಗೊಂಡಿತು.

ಹಾಗಾದರೆ ನೀರಿನಿಂದ ಸುತ್ತುವರಿದ ಪ್ರತಿಯೊಂದು ಊರಿಗೂ ಸೇತುವೆ ಕಟ್ಟಬಹುದೆ? ಅದು ಸಾಧ್ಯವಾಗುವ ಮಾತಲ್ಲ. ಈ ಒಂದು ಸೇತುವೆಗೇ ನಾನೂರು ಕೋಟಿ ರೂಪಾಯಿಗೂ ಹೆಚ್ಚು ವೆಚ್ಚವಾಗಿದೆ. ಕೆಲವೇ ಕುಟುಂಬಗಳಿರುವ ಕಡೆ ಸುಲಭವಾದ ಉಪಾಯವೆಂದರೆ ಲಾಂಚ್‌ನ ದಾರಿಯನ್ನು ವಿಸ್ತರಿಸುವುದು. ಇದಕ್ಕೆ ಒಂದು ಆಕ್ಷೇಪವಿದೆ. ಪ್ರಯಾಣಿಕರು ಕಡಿಮೆ, ಖರ್ಚು ಹೆಚ್ಚು, ನಷ್ಟ ನಿಶ್ಚಿತ ಎಂದು ಹೇಳುವವರುಂಟು. ಲೆಕ್ಕದಲ್ಲಿ ಈ ಮಾತು ಸುಳ್ಳಲ್ಲ. ಆದರೆ ಹಳ್ಳಿಯ ರಸ್ತೆಯಿಂದ ಲಾಭವೆಷ್ಟು ಎಂದು ಯಾರೂ ಕೇಳುವುದಿಲ್ಲ. ನೀರಿನ ಮೇಲಿನ ದಾರಿಯೂ ರಸ್ತೆಯೇ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಿಗೆ 2008ರಿಂದ ಹಂತಹಂತವಾಗಿ ಇದೇ ನ್ಯಾಯವನ್ನು ಅನ್ವಯಿಸಲಾಯಿತು. ಅಷ್ಟೇ ದೂರವನ್ನು ರಸ್ತೆಯಲ್ಲಿ ಕ್ರಮಿಸಲು ತಗಲುವ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ಹಡಗಿನ ದರವನ್ನು ಗೊತ್ತುಮಾಡಿದರು. ನೆರೆಯ ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ವಿದ್ಯುತ್ ದೋಣಿಗಳು ಸಂಚರಿಸುತ್ತಿವೆ.

ಆದರೆ ಲಾಂಚ್ ಒಂದನ್ನು ತಂದು ನೀರಿಗಿಳಿಸಿದರೆ ಸಾಲದು. 2023ರ ಜೂನ್‌ನಲ್ಲಿ ಶರಾವತಿಯ ಹಿನ್ನೀರು ಇಳಿದು, ಲಾಂಚ್‌ನಲ್ಲಿ ವಾಹನಗಳನ್ನು ಸಾಗಿಸುವುದು ನಿಂತುಹೋಯಿತು. ಆದುದರಿಂದ ನೀರು ಇಳಿದಾಗಲೂ ದಡ ಮುಟ್ಟುವಂತೆ ಕಟ್ಟೆಗಳಿರಬೇಕು. ಯಂತ್ರ ಕೆಟ್ಟರೆ ಬದಲಿ ದೋಣಿ ಬೇಕು. ರಾತ್ರಿ ರೋಗಿಯನ್ನು ಸಾಗಿಸುವ ಏರ್ಪಾಡು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಶಿಸ್ತು ಬೇಕು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ಜೀವರಕ್ಷಕ ಅಂಗಿಯಿಲ್ಲದೆ ಯಾರನ್ನೂ ಹತ್ತಿಸಬಾರದೆಂಬ ನಿಯಮ ಕಾಗದದಲ್ಲಿದ್ದರೆ ಪ್ರಯೋಜನವಿಲ್ಲ. ಅದು ಕಡವಿನಲ್ಲಿ ಪಾಲನೆಯಾಗಬೇಕು.

ಎಲ್ಲ ನೀರೂ ಒಂದೇ ಬಗೆಯದಲ್ಲ ಎಂಬುದನ್ನೂ ಮರೆಯಬಾರದು. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡೆ ಕೃಷ್ಣಾ ನದಿಯ ನಡುವೆ ಇದೆ. ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲಿ ಹರಿಗೋಲು ನಡೆಯದು. 2013ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು, ತುಂಬಿ ಹರಿಯುವ ಹೊಳೆಯನ್ನು ಈಜಿ ದಾಟಿದಳು. ಆಕೆಯ ಧೈರ್ಯ ಮೆಚ್ಚತಕ್ಕದ್ದು. ಆದರೆ ಅಂಥ ಧೈರ್ಯದ ಅಗತ್ಯ ಯಾರಿಗೂ ಬರಬಾರದು. ಇಂಥ ಸೆಳವಿಗೆ ಲಾಂಚ್ ಮದ್ದಲ್ಲ, ಕಾಲುಸೇತುವೆಯಾದರೂ ಬೇಕು. ನಿಂತ ನೀರಿಗೆ ಲಾಂಚ್, ಹರಿವ ಪ್ರವಾಹಕ್ಕೆ ಸೇತುವೆ ಎಂಬ ವಿವೇಚನೆಯಿದ್ದರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ದ್ವೀಪದವರಿಗೆ ದಾರಿ ಒದಗಿಸುವುದು ದಾನವಲ್ಲ. ಶರಾವತಿಯ ದಡದವರು ತಮ್ಮ ಗದ್ದೆ, ತೋಟ, ಮನೆಗಳನ್ನು ನೀರಿಗೆ ಒಪ್ಪಿಸಿ ನಾಡಿಗೆ ಬೆಳಕು ಕೊಟ್ಟರು. ಆ ಬೆಳಕಿನಲ್ಲಿ ಓದುವ ಮಕ್ಕಳು ಈ ಋಣವನ್ನು ಅರಿತಿರಬೇಕು. ನಾಳೆ ಅವರಲ್ಲೊಬ್ಬರು ಯಂತ್ರಶಿಲ್ಪಿಯೋ ಅಧಿಕಾರಿಯೋ ಆಗಿ ಕಡವೊಂದರ ಕಡತವನ್ನು ಕೈಗೆತ್ತಿಕೊಂಡಾಗ, ಪ್ರಯಾಣಿಕರ ಸಂಖ್ಯೆಯ ಜೊತೆಗೆ ಆಚೆ ದಡದಲ್ಲಿ ಕಾಯುತ್ತಿರುವವರನ್ನೂ ನೆನೆಯಲಿ.