ನೆಲ ಡೊಂಕೋ, ಕುಣಿತ ಡೊಂಕೋ?

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಇತ್ತೀಚಿನ ವರ್ಷಗಳಲ್ಲಿ ಗೃಹಸ್ಥರ ಮನೆಗಳಲ್ಲಿ ಈ ಗಾದೆಗೆ ಹೊಸದೊಂದು ಪ್ರಯೋಗ ಒದಗಿಬಂದಿದೆ. ಟಿ.ವಿ.ಯ ಮುಂದೆ ಕುಳಿತು ವಿಡಿಯೋ ಆಟವಾಡುವ ಹುಡುಗನು ಸೋತಾಗ, 'ಟಿ.ವಿ. ನಿಧಾನ, ಇದರ ರಿಫ್ರೆಶ್ ರೇಟ್ ಸಾಲದು' ಎನ್ನುತ್ತಾನೆ. ಹಿರಿಯರು ಒಡನೆಯೇ ಈ ಗಾದೆಯನ್ನು ಹೇಳಿ ಅವನ ಬಾಯಿ ಮುಚ್ಚಿಸುತ್ತಾರೆ. ಆಟದ ಗೀಳನ್ನು ನಾವು ಹೊಗಳುವವರಲ್ಲ. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳುಂಟು. ನೆಲವನ್ನು ಅಳೆಯದೆ ಕುಣಿಯುವವಳನ್ನು ಹಳಿಯುವುದು ನ್ಯಾಯವಲ್ಲ. ಅಳೆಯದೆಯೇ ಸಾಲ ಮಾಡಿ ಹೊಸ ನೆಲ ಹಾಸುವುದು ವಿವೇಕವೂ ಅಲ್ಲ. ಆದಕಾರಣ ಈ ತಿಂಗಳು ಆ ನೆಲವನ್ನು ಅಳೆಯುವ ಬಗೆಯನ್ನು ವಾಚಕರೊಡನೆ ವಿಚಾರಿಸಲು ಬಯಸಿದ್ದೇವೆ.

ಪರದೆಯ ಮೇಲೆ ಕಾಣುವ ಚಲನೆಯು ವಾಸ್ತವವಾಗಿ ಚಲನೆಯಲ್ಲ. ಒಂದರ ಬೆನ್ನಿಗೆ ಒಂದು ಬರುವ ಸ್ಥಿರಚಿತ್ರಗಳ ಸಾಲು. ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ತನ್ನ ಚಿತ್ರವನ್ನು ಹೊಸದಾಗಿಸಿಕೊಳ್ಳುತ್ತದೆಯೋ ಆ ಸಂಖ್ಯೆಗೆ ರಿಫ್ರೆಶ್ ರೇಟ್ ಎಂದು ಹೆಸರು. ಇದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ೬೦ ಹರ್ಟ್ಸ್ ಎಂದರೆ ಸೆಕೆಂಡಿಗೆ ೬೦ ಬಾರಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಣ ಅಂತರ ೧೬.೭ ಮಿಲಿಸೆಕೆಂಡು. ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮಿಲಿಸೆಕೆಂಡು. ೧೨೦ ಹರ್ಟ್ಸಿನ ಪರದೆಯಲ್ಲಿ ಈ ಅಂತರ ೮.೩ ಮಿಲಿಸೆಕೆಂಡಿಗೆ ಇಳಿಯುತ್ತದೆ. ಇದು ಪರದೆಯ ಗುಣವಾಯಿತು. ಆಟದ ಯಂತ್ರವು ಸೆಕೆಂಡಿಗೆ ಎಷ್ಟು ಹೊಸ ಚಿತ್ರಗಳನ್ನು ರಚಿಸಿ ಕಳುಹಿಸುತ್ತದೆ ಎಂಬುದು ಬೇರೆಯ ಸಂಖ್ಯೆ. ಅದಕ್ಕೆ ಫ್ರೇಮ್ ರೇಟ್ ಎಂದು ಹೆಸರು. ಒಂದು ತೋರಿಸುವವನ ವೇಗ, ಇನ್ನೊಂದು ಬರೆಯುವವನ ವೇಗ. ಇವೆರಡನ್ನು ಒಂದೆಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಈ ವೇಗವು ಆಟವನ್ನು ಬಾಧಿಸುತ್ತದೆಂಬುದು ಇಂದಿನ ಹುಡುಗರ ಕಲ್ಪನೆಯಲ್ಲ. ಭಾರತದಲ್ಲಿಯೂ ಯುರೋಪಿನಲ್ಲಿಯೂ ಮನೆಗಳಿಗೆ ಬರುವ ವಿದ್ಯುತ್ತು ೫೦ ಹರ್ಟ್ಸಿನದು. ಹಳೆಯ ಪಾಲ್ ಪದ್ಧತಿಯ ಟಿ.ವಿ.ಯೂ ಅದಕ್ಕೆ ಹೊಂದಿಕೊಂಡು ಸೆಕೆಂಡಿಗೆ ೫೦ ಬಾರಿ, ಪ್ರತಿ ಸಲವೂ ಅರ್ಧದಷ್ಟು ಗೆರೆಗಳನ್ನು ಬರೆಯುತ್ತಿತ್ತು. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಇದು ಸುಮಾರು ೬೦. ವಿಡಿಯೋ ಆಟಗಳಲ್ಲಿ ಹೆಚ್ಚಿನವು ಆ ದೇಶಗಳಲ್ಲಿಯೇ ರಚಿತವಾದುದರಿಂದ ಆಟದೊಳಗಿನ ಕಾಲಗಣನೆಯೂ ೬೦ರ ಲೆಕ್ಕದಲ್ಲಿರುತ್ತಿತ್ತು. ಅವು ಯುರೋಪಿಗೆ ಬಂದಾಗ ಅನೇಕ ಆಟಗಳ ಲೆಕ್ಕವನ್ನು ತಿದ್ದದೆ ಬಿಟ್ಟರು. ಅವು ಆರರಲ್ಲೊಂದು ಪಾಲಿನಷ್ಟು ನಿಧಾನವಾಗಿ ನಡೆದವು. ೧೯೯೧ರಲ್ಲಿ ಬಂದ 'ಸೋನಿಕ್ ದಿ ಹೆಡ್ಜ್‌ಹಾಗ್' ಎಂಬ ಆಟವು ವೇಗಕ್ಕೇ ಹೆಸರಾದುದು. ಅದೇ ಆಟ ಯುರೋಪಿನ ಮನೆಗಳಲ್ಲಿ ಮಂದಗತಿಯಿಂದ ಓಡಿತು. ಅದರ ಸಂಗೀತವೂ ಎಳೆದೆಳೆದು ಕೇಳಿಸಿತು. ಆಡುವವನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ನೆಲವೇ ಬೇರೆಯಾಗಿತ್ತು.

ಇಂದಿನ ಪರದೆಗಳಲ್ಲಿ ಆ ತೊಡಕು ಉಳಿದಿಲ್ಲ. ಆದರೂ ಸಂಖ್ಯೆಯ ಪ್ರಭಾವ ಉಳಿದಿದೆ. ಮನೆಮಂದಿಗೆಲ್ಲ ತಿಳಿಯುವ ಕ್ರಿಕೆಟ್ಟಿನಿಂದಲೇ ಲೆಕ್ಕ ಹಾಕೋಣ. ಗಂಟೆಗೆ ೧೪೦ ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು ೩೯ ಮೀಟರ್ ಸಾಗುತ್ತದೆ. ಆಟದೊಳಗಿನ ಚೆಂಡೂ ಅದೇ ವೇಗದ್ದೆಂದು ಭಾವಿಸಿದರೆ, ಸೆಕೆಂಡಿಗೆ ೩೦ ಚಿತ್ರಗಳಿದ್ದಾಗ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಚೆಂಡು ೧.೩ ಮೀಟರ್ ನೆಗೆಯುತ್ತದೆ. ೬೦ ಇದ್ದಾಗ ೬೫ ಸೆಂಟಿಮೀಟರ್, ೧೨೦ ಇದ್ದಾಗ ಸುಮಾರು ೩೨ ಸೆಂಟಿಮೀಟರ್. ಚಿತ್ರಗಳು ಹೆಚ್ಚಿದಷ್ಟೂ ಚೆಂಡಿನ ದಾರಿಯು ಕಣ್ಣಿಗೆ ಹೆಚ್ಚು ಸ್ಪಷ್ಟ. ಇನ್ನೂ ಒಂದು ಕಾರಣವುಂಟು. ಇಂದಿನ ಪರದೆಯು ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಣ್ಣಾದರೋ ಚೆಂಡಿನ ಹಿಂದೆ ನಿಲ್ಲದೆ ಸರಿಯುತ್ತಿರುತ್ತದೆ. ನಿಂತ ಚಿತ್ರಕ್ಕೂ ಸರಿಯುವ ಕಣ್ಣಿಗೂ ಹೊಂದದೆ ಚೆಂಡು ಮಸುಕಾಗುತ್ತದೆ. ಹಿಡಿದಿಡುವ ಕಾಲ ಕಡಿಮೆಯಾದಂತೆ ಈ ಮಸುಕೂ ಕಡಿಮೆಯಾಗುತ್ತದೆ.

ಹಾಗೆಂದು ಸಂಖ್ಯೆ ಬೆಳೆದಂತೆಲ್ಲ ಲಾಭವೂ ಅಷ್ಟೇ ಬೆಳೆಯುವುದಿಲ್ಲ. ೩೦ರಿಂದ ೬೦ಕ್ಕೆ ಏರಿದರೆ ಪ್ರತಿ ಚಿತ್ರಕ್ಕೆ ೧೬.೭ ಮಿಲಿಸೆಕೆಂಡು ಉಳಿತಾಯ. ೬೦ರಿಂದ ೧೨೦ಕ್ಕೆ ೮.೩, ೧೨೦ರಿಂದ ೨೪೦ಕ್ಕೆ ಕೇವಲ ೪.೨. ಮೊದಲ ಮೆಟ್ಟಿಲು ದೊಡ್ಡದು, ಮುಂದಿನವು ಚಿಕ್ಕವು. ಬೆಲೆಯ ಮೆಟ್ಟಿಲುಗಳು ಹೀಗೆ ಚಿಕ್ಕದಾಗುವುದಿಲ್ಲ. ಕ್ರಿಕೆಟ್, ಕಾರುಪಂದ್ಯ, ಗುಂಡು ಹಾರಿಸುವ ಆಟ, ಮಲ್ಲಯುದ್ಧದ ಆಟಗಳಿಗೆ ಈ ವೇಗ ಬೇಕು. ಚದುರಂಗಕ್ಕೂ ಪದಬಂಧಕ್ಕೂ ಇದರಿಂದ ಯಾವ ಪ್ರಯೋಜನವೂ ಇಲ್ಲ.

ಇಲ್ಲಿ ಅತ್ಯಂತ ಮುಖ್ಯವಾದ ಭೇದವೊಂದನ್ನು ಹೇಳಬೇಕು. ಚಿತ್ರಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದೇ ಬೇರೆ, ಗುಂಡಿ ಒತ್ತಿದ ಮೇಲೆ ಅದರ ಫಲ ಪರದೆಯಲ್ಲಿ ಕಾಣಲು ಎಷ್ಟು ತಡವಾಗುತ್ತದೆ ಎಂಬುದೇ ಬೇರೆ. ಎರಡನೆಯದಕ್ಕೆ ಇನ್‌ಪುಟ್ ಲ್ಯಾಗ್ ಎನ್ನುತ್ತಾರೆ. ಇಂದಿನ ಟಿ.ವಿ.ಯು ತನಗೆ ಬಂದ ಚಿತ್ರವನ್ನು ಬಂದಂತೆಯೇ ತೋರಿಸುವುದಿಲ್ಲ. ಬಣ್ಣವನ್ನು ತಿದ್ದಿ, ಅಂಚುಗಳನ್ನು ಹರಿತಗೊಳಿಸಿ, ಅಲಂಕರಿಸಿ ಆಮೇಲೆ ತೋರಿಸುತ್ತದೆ. ಧಾರಾವಾಹಿ ನೋಡುವವರಿಗೆ ಈ ವಿಳಂಬ ತಿಳಿಯುವುದೇ ಇಲ್ಲ. ಆಡುವವನಿಗೆ ಮಾತ್ರ ಅದು ಅಡ್ಡಿಯಾಗುತ್ತದೆ. ಅಲಂಕಾರವೆಲ್ಲ ಇದ್ದಾಗ ಈ ವಿಳಂಬವು ಎಷ್ಟೋ ಟಿ.ವಿ.ಗಳಲ್ಲಿ ೧೦೦ ಮಿಲಿಸೆಕೆಂಡಿನ ಸಮೀಪಕ್ಕೂ ಹೋಗುತ್ತದೆ. ಅಷ್ಟು ಕಾಲದಲ್ಲಿ ನಾವು ಮೇಲೆ ಹೇಳಿದ ಚೆಂಡು ಸುಮಾರು ೩.೯ ಮೀಟರ್ ಮುಂದೆ ಬಂದಿರುತ್ತದೆ; ೨೦.೧೨ ಮೀಟರ್ ಉದ್ದದ ಪಿಚ್ಚಿನಲ್ಲಿ ಇದು ಐದರಲ್ಲೊಂದು ಪಾಲು. ಚೆಂಡು ಅಲ್ಲಿದೆಯೆಂದು ಹುಡುಗನು ಬ್ಯಾಟು ಬೀಸುವಾಗ ಅದು ಅಲ್ಲಿರುವುದೇ ಇಲ್ಲ.

ಈ ವಿಳಂಬಕ್ಕೆ ಹಳೆಯದೊಂದು ದೃಷ್ಟಾಂತವೂ ಇದೆ. ೧೯೮೪ರ 'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯ ಆಟ ನಮ್ಮ ಊರುಗಳಲ್ಲಿಯೂ ಅನೇಕರ ಮನೆಗೆ ಕಾರ್ಟ್ರಿಜ್ ರೂಪದಲ್ಲಿ ಬಂದಿತ್ತು. ಕುದುರೆ ಎಳೆದಾಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದೆಡೆ ಒಂದು ಬಿಳಿಯ ಚೌಕ ಮಿಂಚುತ್ತಿತ್ತು. ಬಂದೂಕಿನ ತುದಿಯಲ್ಲಿದ್ದ ಬೆಳಕಿನ ಸಂವೇದಿಯು ಅದನ್ನು ಕಂಡರೆ ಗುರಿ ಮುಟ್ಟಿತೆಂದು ಲೆಕ್ಕ. ಗಾಜಿನ ಕೊಳವೆಯ ಹಳೆಯ ಟಿ.ವಿ.ಯಲ್ಲಿ ಸರಿಯಾಗಿ ನಡೆಯುತ್ತಿದ್ದ ಆ ಬಂದೂಕು ಇಂದಿನ ತೆಳ್ಳನೆಯ ಟಿ.ವಿ.ಗಳಲ್ಲಿ ಕೆಲಸ ಮಾಡುವುದಿಲ್ಲ. ಯಂತ್ರವು ಬೆಳಕನ್ನು ಹುಡುಕುವ ಹೊತ್ತಿಗೆ ಬೆಳಕು ಪರದೆಗೆ ಬಂದೇ ಇರುವುದಿಲ್ಲ.

ಧಾರವಾಡದ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಈ ಭೇದವನ್ನು ಅರಿಯದುದರಿಂದ ಮನಸ್ತಾಪವೇ ಬೆಳೆದಿತ್ತು. ಒಂಬತ್ತನೆಯ ತರಗತಿಯ ಹುಡುಗನು ೧೨೦ ಹರ್ಟ್ಸಿನ ಟಿ.ವಿ. ಬೇಕೆಂದು ಹಟ ಹಿಡಿದಿದ್ದನು. ತಂದೆ ಸಿಟ್ಟಾಗಿ ಮಾತು ಬಿಟ್ಟಿದ್ದರು. ತಾಯಿಯು ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣದತ್ತ ನೋಡುವಂತಾಗಿತ್ತು. 'ಗುರುಗಳ, ಇವಂಗ ನೀವರ ಒಂದಿಷ್ಟು ಬುದ್ಧಿ ಹೇಳ್ರಿ' ಎಂದು ಆ ತಾಯಿ ಕೇಳಿಕೊಂಡರು. ನಾವು ಬುದ್ಧಿ ಹೇಳುವುದಕ್ಕೆ ಮೊದಲು ಹುಡುಗನನ್ನು ಒಂದು ಪ್ರಶ್ನೆ ಕೇಳಿದೆವು: ಚಿತ್ರ ತಡವರಿಸಿದಂತೆ ಕಾಣುತ್ತದೆಯೋ, ಅಥವಾ ಬ್ಯಾಟು ತಡವಾಗಿ ಏಳುತ್ತದೆಯೋ? 'ಚಿತ್ರ ಬರೋಬ್ಬರಿ ಐತ್ರಿ ಅಜ್ಜಾರ. ನಾ ಬಟನ್ ಒತ್ತಿದ ಮ್ಯಾಲ ಬ್ಯಾಟ್ ತಡಾ ಮಾಡಿ ಏಳತೈತ್ರಿ' ಎಂದನು. ಅಲ್ಲಿಗೆ ರೋಗ ಯಾವುದೆಂದು ತಿಳಿಯಿತು. ಅವನಲ್ಲಿದ್ದುದು ಪ್ಲೇಸ್ಟೇಷನ್ ೪, ಅದು ಟಿ.ವಿ.ಗೆ ಸೆಕೆಂಡಿಗೆ ೬೦ಕ್ಕಿಂತ ಹೆಚ್ಚು ಚಿತ್ರಗಳನ್ನು ಕಳುಹಿಸುವುದೇ ಇಲ್ಲ. ೧೨೦ ಹರ್ಟ್ಸಿನ ಟಿ.ವಿ. ತಂದಿದ್ದರೂ ಅದರ ಹೆಚ್ಚಿನ ವೇಗ ಆ ಆಟಕ್ಕೆ ಒದಗುತ್ತಿರಲಿಲ್ಲ. ಟಿ.ವಿ.ಯ ಸೆಟ್ಟಿಂಗ್ಸ್ ಪಟ್ಟಿಯಲ್ಲಿ 'ಗೇಮ್ ಮೋಡ್' ಎಂಬುದನ್ನು ಹುಡುಕಲು ಹೇಳಿದೆವು. ಅದನ್ನು ಒತ್ತಿದೊಡನೆ ಟಿ.ವಿ. ತನ್ನ ಅಲಂಕಾರದ ಕೆಲಸವನ್ನು ಬಹುಮಟ್ಟಿಗೆ ಬಿಟ್ಟಿತು. ಬ್ಯಾಟು ಬೆರಳಿನ ಜೊತೆಗೇ ಎದ್ದಿತು. ಅಂದು ಸಂಜೆಯೂ ಹುಡುಗ ಸೋತನು. ಆದರೆ ಆ ಸೋಲು ತನ್ನದೆಂದು ತಂದೆಯೆದುರು ತಾನೇ ಒಪ್ಪಿಕೊಂಡನು. ಒಂದು ಕಾಸೂ ಖರ್ಚಾಗಲಿಲ್ಲ.

ನಿಜವಾಗಿಯೂ ೧೨೦ ಹರ್ಟ್ಸ್ ಬೇಕೆನ್ನುವವರು ಒಂದು ಸರಪಳಿಯನ್ನು ಲಕ್ಷಿಸಬೇಕು. ಆಟ, ಆಟದ ಯಂತ್ರ, ಕೇಬಲ್ಲು, ಟಿ.ವಿ.ಯ ಹಿಂದಿನ ಕಿಂಡಿ, ಪರದೆ - ಈ ಐದೂ ಆ ವೇಗವನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ವೇಗ ಅಲ್ಲಿಗೇ ನಿಲ್ಲುತ್ತದೆ. ೨೦೨೦ರ ನವೆಂಬರಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ ೫ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಗಳು ಸೆಕೆಂಡಿಗೆ ೧೨೦ ಚಿತ್ರಗಳನ್ನು ಕಳುಹಿಸಬಲ್ಲವು. ಆದರೆ ಎಲ್ಲ ಆಟಗಳೂ ಅಷ್ಟನ್ನು ರಚಿಸುವುದಿಲ್ಲ. 'ಫೋರ್ಟ್‌ನೈಟ್' ಆಟದಲ್ಲಿ ಆ ಸೌಲಭ್ಯವಿದೆ, ಕಥಾಪ್ರಧಾನ ಆಟಗಳಲ್ಲಿ ಬಹಳಷ್ಟು ೩೦ ಅಥವಾ ೬೦ರಲ್ಲಿಯೇ ನಡೆಯುತ್ತವೆ. ಇನ್ನು ಕೇಬಲ್ಲಿನ ಮಾತು. ೪ಕೆ ಪರದೆಯಲ್ಲಿ ಸುಮಾರು ೮೩ ಲಕ್ಷ ಚುಕ್ಕೆಗಳಿರುತ್ತವೆ. ಅವನ್ನು ಸೆಕೆಂಡಿಗೆ ೧೨೦ ಬಾರಿ ಕಳುಹಿಸುವುದೆಂದರೆ ಸೆಕೆಂಡಿಗೆ ಸುಮಾರು ನೂರು ಕೋಟಿ ಚುಕ್ಕೆಗಳ ಸಾಗಣೆ. ೨೦೧೩ರ ಎಚ್‌ಡಿಎಂಐ ೨.೦ ಮಾರ್ಗಕ್ಕೆ ಪೂರ್ಣ ಬಣ್ಣದೊಡನೆ ಇಷ್ಟು ಹೊರುವ ಶಕ್ತಿಯಿಲ್ಲ. ೨೦೧೭ರಲ್ಲಿ ಪ್ರಕಟವಾದ ೨.೧ ಮಾರ್ಗಕ್ಕಿದೆ. ಹಲವು ಟಿ.ವಿ.ಗಳಲ್ಲಿ ನಾಲ್ಕು ಕಿಂಡಿಗಳಿದ್ದರೂ ಈ ಶಕ್ತಿ ಒಂದೆರಡಕ್ಕೆ ಮಾತ್ರ ಇರುತ್ತದೆ. ಸರಿಯಾದ ಟಿ.ವಿ. ಕೊಂಡು ತಪ್ಪು ಕಿಂಡಿಗೆ ಚುಚ್ಚಿ ವರ್ಷಗಟ್ಟಲೆ ೬೦ರಲ್ಲಿಯೇ ಆಡುವುದೂ ಸಾಧ್ಯ.

ತೋರಿಸುವವನಿಗೂ ಬರೆಯುವವನಿಗೂ ತಾಳ ತಪ್ಪಿದರೆ ಏನಾಗುತ್ತದೆಂಬುದನ್ನು ದಾಸೋಹದ ಪಂಕ್ತಿಯಿಂದ ತಿಳಿಯಬಹುದು. ಬಡಿಸುವವನು ಗಡಿಯಾರ ನೋಡಿ ಗೊತ್ತಾದ ಹೊತ್ತಿಗೇ ಪಂಕ್ತಿಗೆ ಬರುತ್ತಾನೆ. ಅಡುಗೆಯವನ ಪಾತ್ರೆ ಇಳಿಯುವುದು ತುಸು ತಡವಾದರೆ ಎಲೆಗಳು ಮುಂದಿನ ಸುತ್ತಿನವರೆಗೆ ಕಾಯಬೇಕು. ಪರದೆಯಲ್ಲಿ ಇದು ತಡವರಿಕೆಯಾಗಿ ಕಾಣುತ್ತದೆ. ಕಾಯದೆ ನಡುವೆಯೇ ಬಡಿಸಹೊರಟರೆ ಅರ್ಧ ಪಂಕ್ತಿಗೆ ಹಳೆಯ ಅಡುಗೆ, ಅರ್ಧಕ್ಕೆ ಹೊಸದು. ಪರದೆಯಲ್ಲಿ ಚಿತ್ರ ಅಡ್ಡಲಾಗಿ ಹರಿದಂತೆ ಕಾಣುತ್ತದೆ. ಬಡಿಸುವವನೇ ಅಡುಗೆಯವನ ಕೈ ನೋಡಿ ಹೆಜ್ಜೆಯಿಟ್ಟರೆ ಎರಡು ತೊಂದರೆಯೂ ಇಲ್ಲ. ವಿ.ಆರ್.ಆರ್. ಎಂಬ ಬದಲಾಗುವ ರಿಫ್ರೆಶ್ ರೇಟಿನ ತತ್ತ್ವ ಇಷ್ಟೇ. ಟಿ.ವಿ. ಕೊಳ್ಳುವವರು ೧೨೦ರ ಜೊತೆಗೆ ಇದೂ ಇದೆಯೇ ಎಂದು ಕೇಳುವುದು ಒಳ್ಳೆಯದು.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ನುಡಿಯೇ ಒಂದು, ನಡೆಯೇ ಒಂದು ಆಗಿರುವುದೂ ಉಂಟು. 'ಮೋಷನ್' ಎಂಬ ಪದದ ಜೊತೆಗೆ ೧೨೦ ಅಥವಾ ೨೪೦ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳಗಿನ ಪರದೆ ಅದರ ಅರ್ಧ ವೇಗದ್ದಾಗಿರುತ್ತದೆ. ಬಂದ ಎರಡು ಚಿತ್ರಗಳ ನಡುವೆ ಟಿ.ವಿ.ಯೇ ಊಹಿಸಿ ಇನ್ನೊಂದನ್ನು ಸೇರಿಸುವ ವಿದ್ಯೆಯೂ ಇದೆ. ಆದರೆ ನಡುವಣದನ್ನು ಊಹಿಸಬೇಕಾದರೆ ಮುಂದಿನ ಚಿತ್ರ ಬರುವವರೆಗೆ ಕಾಯಲೇಬೇಕು, ಕಾದಷ್ಟೂ ವಿಳಂಬ. ನೋಟಕ್ಕೆ ನುಣುಪು ಬಂದರೂ ಆಟಕ್ಕೆ ಅದು ಬಾಧಕವೇ. ಆಟದ ವೇಳೆ ಅದನ್ನು ಆರಿಸಿಡತಕ್ಕದ್ದು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪರದೆಯ ಸ್ವಂತ ರಿಫ್ರೆಶ್ ರೇಟ್ ಎಷ್ಟು? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಕಂಪನಿಯ ವಿವರಪತ್ರದಲ್ಲಿ ತೋರಿಸಲು ಹೇಳಿರಿ.

ಕೊಳ್ಳುವ ಮುನ್ನ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಈಗಿನ ಅನೇಕ ಮೊಬೈಲುಗಳು ಸೆಕೆಂಡಿಗೆ ೨೪೦ ಚಿತ್ರಗಳ ನಿಧಾನಗತಿಯ ವಿಡಿಯೋ ತೆಗೆಯುತ್ತವೆ. ಆಡುವವನ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಹಿಡಿದು ಚಿತ್ರಿಸಿರಿ. ಬೆರಳು ಒತ್ತಿದ ಚಿತ್ರದಿಂದ ಪರದೆ ಬದಲಾದ ಚಿತ್ರದವರೆಗೆ ಎಣಿಸಿರಿ. ಒಂದೊಂದು ಚಿತ್ರಕ್ಕೆ ೪.೨ ಮಿಲಿಸೆಕೆಂಡು. ಈ ಮೊತ್ತದಲ್ಲಿ ಯಂತ್ರದ ಹಾಗೂ ಆಟದ ವಿಳಂಬವೂ ಸೇರಿರುತ್ತದೆ. ಆದುದರಿಂದ ಗೇಮ್ ಮೋಡ್ ಇಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ ಎಣಿಸಿ ಹೋಲಿಸಬೇಕು. ಆ ವ್ಯತ್ಯಾಸವು ಟಿ.ವಿ.ಯ ಪಾಲು. ಎಣಿಕೆಯ ಕೆಲಸವನ್ನು ದೂರು ಹೇಳಿದ ಹುಡುಗನಿಗೇ ಒಪ್ಪಿಸಿ, ಹಿರಿಯರು ಪಕ್ಕದಲ್ಲಿ ಕುಳಿತಿರಲಿ.

ಮಗುವಿನ ಮಾತನ್ನು ಕೇಳಿದೊಡನೆ ನಂಬುವುದೂ ಬೇಡ, ಕೇಳಿದೊಡನೆ ತಳ್ಳಿಹಾಕುವುದೂ ಬೇಡ. ನೆಪವಾಗಿದ್ದರೆ ಎಣಿಕೆ ಅದನ್ನು ಹೇಳುತ್ತದೆ, ನಿಜವಾಗಿದ್ದರೂ ಹೇಳುತ್ತದೆ. ನಮ್ಮ ಮಾತು ಸುಳ್ಳಾದರೂ ಅಳೆದು ನೋಡಿದರು, ಅಳೆಯದೆ ಹಳಿಯಲಿಲ್ಲ ಎಂಬ ನಂಬಿಕೆ ಮಕ್ಕಳಲ್ಲಿ ಒಮ್ಮೆ ಬೇರೂರಿದರೆ, ಆಟಕ್ಕಿಂತ ದೊಡ್ಡ ಸಂಗತಿಗಳನ್ನೂ ಅವರು ಮನೆಯ ಹಿರಿಯರೆದುರು ಮುಚ್ಚುಮರೆಯಿಲ್ಲದೆ ತೆರೆದಿಡುತ್ತಾರೆ.